ಕೊನೆಗಾರನ ಫೋನ್ ಬ್ಯುಸಿ: ಮಲೆನಾಡಿನಲ್ಲಿ ಆಳು ಯಾಕೆ ಸಿಗುತ್ತಿಲ್ಲ?

ದೀಪಾವಳಿ ಹತ್ತಿರ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾವ ಮನೆಗೆ ಹೋದರೂ ಒಂದೇ ಪ್ರಶ್ನೆ. 'ಕೊಯ್ಲು ಶುರುವಾಯ್ತಾ? ಕೊನೆಗಾರ ಸಿಕ್ಕಿದ್ನಾ?' ಕೊನೆ ಎಂದರೆ ಅಡಿಕೆಯ ಗೊನೆ, ಮರ ಹತ್ತಿ ಅದನ್ನು ಕೊಯ್ಯುವವನೇ ಕೊನೆಗಾರ. ಕಾಫಿ ಬರುವ ಮೊದಲೇ ಈ ಮಾತು ಬರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲೂ ಇದೇ, ಸೊಸೈಟಿ ಕಟ್ಟೆಯ ಮೇಲೂ ಇದೇ.

ಎರಡು ವರ್ಷದ ಹಿಂದೆ ನಮ್ಮ ತೋಟದ ಎರಡನೇ ಕೊಯ್ಲು ಹದಿನೆಂಟು ದಿನ ತಡವಾಯಿತು. ಕೊನೆಗಾರರಿಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ. ಬ್ಯುಸಿ, ಬ್ಯುಸಿ, ಸ್ವಿಚ್ ಆಫ್. ಕಡೆಗೆ ಒಂದು ಬೆಳಿಗ್ಗೆ ಬೈಕಿನಲ್ಲಿ ಬಂದರು. ಮರದ ಬುಡದಲ್ಲಿ ನಿಂತು ಒಮ್ಮೆ ಮೇಲೆ ನೋಡಿದರು. 'ಗೋಟಾಗಿದೆ' ಅಂದರು, ಅಷ್ಟೇ.

ಅಡಿಕೆ ಬೆಳೆಯದವರಿಗೆ ಈ ಒಂದು ಪದದ ತೂಕ ಗೊತ್ತಾಗಲಿಕ್ಕಿಲ್ಲ. ಕೆಂಪಡಿಕೆ ಮಾಡಬೇಕಾದರೆ ಕಾಯಿ ಹಸಿರಿರುವಾಗಲೇ, ಹದ ನೋಡಿ ಕೊಯ್ಯಬೇಕು. ಕೊಯ್ದದ್ದನ್ನು ತಡಮಾಡದೆ ಸುಲಿದು, ಚೊಗರಿನಲ್ಲಿ (ಅಡಿಕೆಯ ಒಗರು ರಸದಲ್ಲಿ) ಬೇಯಿಸಿ, ಒಣಗಿಸಬೇಕು. ಮರದಲ್ಲೇ ಹಣ್ಣಾಗಿಬಿಟ್ಟರೆ ಅದು ಗೋಟು, ಬೆಲೆ ಇಳಿಯಿತು ಅಂತಲೇ ಲೆಕ್ಕ. ವರ್ಷವಿಡೀ ಮಾಡಿದ ಕೆಲಸಕ್ಕೆ ಬೆಲೆ ಸಿಗುವುದೋ ಇಲ್ಲವೋ ಎಂಬುದು ಆ ಕೆಲವು ದಿನಗಳಲ್ಲಿ ತೀರ್ಮಾನವಾಗುತ್ತದೆ. ಆ ದಿನಗಳಲ್ಲೇ ಆಳು ಇರುವುದಿಲ್ಲ.

ಅವತ್ತು ನನಗೂ ಸಿಟ್ಟು ಬಂದಿತ್ತು. 'ಈಗಿನವರಿಗೆ ಕೆಲಸ ಬೇಡ, ಎಲ್ಲ ಪುಕ್ಕಟೆ ಸಿಗುತ್ತೆ' ಎಂದು ಊರವರು ಹೇಳುವುದಕ್ಕೆ ನಾನೂ ತಲೆಯಾಡಿಸಿದ್ದೆ. ಆಮೇಲೆ ಕೂತು, ಕೂಲಿ ಮತ್ತು ದುಡಿಮೆಯ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿರುವ ಕೆಲಸ ಓದುತ್ತಾ ಹೋದೆ. ಓದಿದಷ್ಟೂ ನನಗೆ ಅನಿಸಿದ್ದು ಇದು. 'ಆಳು ಸಿಗುತ್ತಿಲ್ಲ' ಎನ್ನುವುದು ಅರ್ಧ ಮಾತು. ಪೂರ್ತಿ ಮಾತು ಹೀಗಿದೆ: ಈ ಕೂಲಿಗೆ, ಈ ಅಪಾಯಕ್ಕೆ, ವರ್ಷದಲ್ಲಿ ಬರೀ ಎರಡು ಮೂರು ತಿಂಗಳಿಗೆ ಆಳು ಸಿಗುತ್ತಿಲ್ಲ. ಈ ಉಳಿದರ್ಧವನ್ನು ನಾವು ತೋಟದವರು ಬಾಯಿಬಿಟ್ಟು ಹೇಳುವುದೇ ಇಲ್ಲ.

ಮೊದಲು ಹಳೆಯ ಕಾಲದ ವಿಚಾರ. 'ಅಪ್ಪನ ಕಾಲದಲ್ಲಿ ಆಳು ಎಷ್ಟು ಬೇಕಾದರೂ ಸಿಗುತ್ತಿದ್ದರು' ಎಂದು ಹೇಳುತ್ತೇವಲ್ಲ, ಅದು ನಿಜ. ಆದರೆ ಯಾಕೆ ಸಿಗುತ್ತಿದ್ದರು? 1954ರಲ್ಲಿ ಆರ್ಥರ್ ಲೂಯಿಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ಪ್ರಸಿದ್ಧ ಲೇಖನ ಬರೆದರು. ಬಡ ದೇಶಗಳ ಹಳ್ಳಿಗಳಲ್ಲಿ ಕೆಲಸಕ್ಕಿಂತ ಜನ ಜಾಸ್ತಿ. ಹಾಗಾಗಿ ಕೂಲಿ ಹೆಚ್ಚಿಸದೆಯೇ ಎಷ್ಟು ಜನ ಬೇಕಾದರೂ ಸಿಗುತ್ತಾರೆ. ಈ ಹೆಚ್ಚುವರಿ ಜನ ಪಟ್ಟಣದ ಕೆಲಸಕ್ಕೆ ಹೋಗಿ ಮುಗಿದ ದಿನ ಹಳ್ಳಿಯಲ್ಲಿ ಕೂಲಿ ಏರತೊಡಗುತ್ತದೆ. ಇದು ಅವರ ವಾದ. 1979ರಲ್ಲಿ ಅವರಿಗೆ ನೊಬೆಲ್ ಬಂತು. ಆ ಏರಿಕೆಯ ತಿರುವು ನಮ್ಮ ಕಣ್ಣೆದುರೇ ನಡೆದಿದೆ.

ಆದರೆ ಮಲೆನಾಡಿನ ಕತೆಗೆ ಅದಷ್ಟೇ ಸಾಲದು. ಇಲ್ಲಿ ಆಳು ಜಾಸ್ತಿ ಇದ್ದದ್ದಕ್ಕೆ ಜನಸಂಖ್ಯೆ ಒಂದೇ ಕಾರಣವಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ನೆನಪು ಮಾಡಿಕೊಳ್ಳಿ, 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ಸಾಗರ ತಾಲ್ಲೂಕಿನಲ್ಲೇ. ಅಲ್ಲಿ ಜಗಳ ಶುರುವಾದದ್ದು ಒಂದು ಅಳತೆ ಪಾತ್ರೆಯಿಂದ. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದಿದೆ, ಎಲ್ಲರಿಗೂ ಒಂದೇ ಅಳತೆ ಇಡಿ ಎಂದು ಗೇಣಿದಾರರು ಕೇಳಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ಹೆಸರು ರಾಜ್ಯಕ್ಕೆಲ್ಲ ಗೊತ್ತಾದದ್ದರ ಹಿಂದೆಯೂ ಆ ಹೋರಾಟವಿದೆ. ಆಮೇಲೆ 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನು ಹೊಲದ ಒಡೆಯನಾದ. ಅಪ್ಪನ ಸಾಲಕ್ಕೆ ಮಗ ಜೀತ ಮಾಡುವುದನ್ನು 1976ರ ಕಾಯ್ದೆ ನಿಷೇಧಿಸಿತು.

ಗೇಣಿದಾರನ ಕೈಗೆ ಎರಡು ಎಕರೆ ಬಂದ ಮೇಲೆ ಅವನ ಮಕ್ಕಳು ಇನ್ನೊಬ್ಬರ ಅಂಗಳದಲ್ಲಿ ಕೆಲಸಕ್ಕೆ ನಿಲ್ಲಬೇಕಾದ ಅಗತ್ಯ ಕಡಿಮೆಯಾಯಿತು. ಇದನ್ನು 'ಕೊರತೆ' ಎಂದು ಕರೆಯುವಾಗ ಒಂದು ಕ್ಷಣ ನಿಲ್ಲಬೇಕು. ತೋಟದ ಕಡೆಯಿಂದ ನೋಡಿದರೆ ಅದು ಕೊರತೆ. ಆ ಮನೆಯ ಕಡೆಯಿಂದ ನೋಡಿದರೆ ಅದು ಬಿಡುಗಡೆ.

ಇನ್ನೊಂದು ವಿಷಯವಿದೆ, ಅದು ನಮ್ಮ ನೆಲದ ರಚನೆಗೇ ಸೇರಿದ್ದು. ಬಯಲುಸೀಮೆಯ ಊರು ಎಂದರೆ ಒತ್ತೊತ್ತಾಗಿ ನೂರಾರು ಮನೆ. ನಮ್ಮಲ್ಲಿ ಊರು ಎಂದರೆ ನಾಲ್ಕು ಮನೆ, ಮಧ್ಯೆ ಒಂದು ಗುಡ್ಡ, ಆಮೇಲೆ ಇನ್ನು ಮೂರು ಮನೆ. ಒಂದು ಕಣಿವೆಗೆ ಕೆಲಸ ಕೊಡುವ ದೊಡ್ಡ ಮನೆ ಒಂದೇ. ಆ ಮನೆಯವರು ಹೇಳಿದ್ದೇ ಕೂಲಿ. ಕೆಲಸ ಕೊಡುವವರು ಒಬ್ಬರೇ ಇದ್ದಾಗ ಕೂಲಿ ಹೇಗೆ ತಗ್ಗಿನಲ್ಲೇ ನಿಲ್ಲುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಬಿಡಿಸಿ ಹೇಳಿದ್ದರು. ಅದಕ್ಕೆ ಅವರು ಬಳಸಿದ ಹೆಸರು ಮೊನಾಪ್ಸನಿ. ಹಲವರು ಮಾರಿ ಒಬ್ಬನೇ ಕೊಳ್ಳುವ ಸಂತೆ ಅಂದುಕೊಳ್ಳಿ. ಇಂಥ ಕಡೆ ಮಾಲೀಕ ಕೆಟ್ಟವನಾಗಿರಬೇಕು ಅಂತೇನೂ ಇಲ್ಲ. ಗುಡ್ಡ ದಾಟಿ ಇನ್ನೊಂದು ಮನೆಗೆ ಹೋಗಲು ದಾರಿ ಇಲ್ಲದಿದ್ದರೆ ಸಾಕು, ಕೂಲಿ ಏರುವುದಿಲ್ಲ.

ಆ ಸಂತೆಯನ್ನು ಒಡೆದದ್ದು ಎರಡು ವಸ್ತು: ಬೈಕು ಮತ್ತು ಮೊಬೈಲು. ಈಗ ಕೊನೆಗಾರರಿಗೆ ಮೂವತ್ತು ನಲವತ್ತು ತೋಟಗಳ ನಂಬರ್ ಗೊತ್ತು. ಯಾರ ಮನೆಯಲ್ಲಿ ಮಧ್ಯಾಹ್ನದ ಊಟ ಸರಿಯಾಗಿ ಹಾಕುತ್ತಾರೆ, ಯಾರು ಸಂಜೆಯೇ ಲೆಕ್ಕ ಚುಕ್ತಾ ಮಾಡುತ್ತಾರೆ, ಯಾರು 'ಮುಂದಿನ ವಾರ ಬಾ' ಅನ್ನುತ್ತಾರೆ ಎಲ್ಲವೂ ಗೊತ್ತು. ನನ್ನ ಫೋನ್ ಅವರು ಎತ್ತಲಿಲ್ಲ ಎಂದರೆ, ಅವರಿಗೆ ಆಯ್ಕೆ ಇತ್ತು ಎಂದರ್ಥ. ಹಿಂದಿನ ವರ್ಷ ನಾನು ಲೆಕ್ಕ ಕೊಡಲು ಎಂಟು ದಿನ ತಡಮಾಡಿದ್ದೆ. ಅದು ನನಗೆ ಮರೆತಿತ್ತು, ಅವರಿಗೆ ಮರೆತಿರಲಿಲ್ಲ.

ಬೇಡಿಕೆಯ ಕಡೆಯೂ ನೋಡಬೇಕು, ಇದನ್ನು ಯಾರೂ ಹೇಳುವುದಿಲ್ಲ. ಒಂದು ಕಾಲದಲ್ಲಿ ಅಡಿಕೆ ಎಂದರೆ ಘಟ್ಟದ ಸೆರಗಿನ ಕಣಿವೆಗಳ ಬೆಳೆ. ಈಗ ಶಿಕಾರಿಪುರ, ಸೊರಬ, ಭದ್ರಾವತಿ, ಆಚೆ ಚನ್ನಗಿರಿ ತನಕ ಭತ್ತದ ಗದ್ದೆ, ಜೋಳದ ಹೊಲ ಎಲ್ಲ ಅಡಿಕೆ ತೋಟವಾಗಿದೆ. ಅದೇ ಕೊನೆಗಾರರನ್ನು ಈಗ ಬಯಲಿನ ತೋಟಗಳೂ ಕರೆಯುತ್ತವೆ. ಅಲ್ಲಿ ನೆಲ ಸಮತಟ್ಟು, ಜಾರುವ ಪಾಚಿ ಇಲ್ಲ, ಉಂಬಳ (ಜಿಗಣೆ) ಇಲ್ಲ, ತೋಟದ ತನಕ ಗಾಡಿ ಹೋಗುತ್ತದೆ. ನಾನು ಕೊನೆಗಾರನಾಗಿದ್ದರೂ ಅಲ್ಲಿಗೇ ಹೋಗುತ್ತಿದ್ದೆ.

ಹಾಗೆ ನೋಡಿದರೆ ತೋಟ ಬಿಟ್ಟು ಮೊದಲು ಹೋದ ದುಡಿಯುವ ಕೈಗಳು ಯಾರವು? ತೋಟದವರ ಮಕ್ಕಳವೇ. ಬೇಸಾಯದ ಮನೆಯಲ್ಲಿ ಅಣ್ಣತಮ್ಮಂದಿರು ಐದಾರು ಜನ ಇದ್ದಾಗ ಅರ್ಧ ಕೆಲಸ ಮನೆಯವರಿಂದಲೇ ಸಾಗುತ್ತಿತ್ತು. ಈಗ ಒಂದು ಮಗು, ಹೆಚ್ಚೆಂದರೆ ಎರಡು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಹಾಗೇ ನಿಲ್ಲಲು ಬೇಕಾದದ್ದು 2.1. ಇರುವ ಮಗು ಬೆಂಗಳೂರಿನಲ್ಲಿ. ನಮ್ಮ ಕೇರಿಯ ಏಳು ಮನೆಗಳಲ್ಲಿ ನಾಲ್ಕರಲ್ಲಿ ಅರವತ್ತು ದಾಟಿದವರು ಮಾತ್ರ ಇದ್ದಾರೆ. ನಮ್ಮ ಮಕ್ಕಳು ಬೆಂಗಳೂರಿಗೆ ಹೋದರೆ 'ಮುಂದೆ ಬಂದ' ಎನ್ನುತ್ತೇವೆ. ಕೂಲಿಯವರ ಮಗ ಹೋದರೆ 'ಆಳು ಕಡಿಮೆಯಾಯಿತು' ಎನ್ನುತ್ತೇವೆ. ಇದು ಸರಿಯಲ್ಲ, ಅಲ್ವಾ?

ಕೊನೆಗಾರರ ಕೂಲಿ ಉಳಿದವರಿಗಿಂತ ಜಾಸ್ತಿ. ಅದು ಜಾಸ್ತಿ ಇರಲೇಬೇಕು. ಆಡಮ್ ಸ್ಮಿತ್ 1776ರಲ್ಲೇ ಬರೆದಿದ್ದಾರೆ: ಕೆಲಸ ಕಷ್ಟದ್ದಾದಷ್ಟೂ, ಕಲಿಯಲು ಕಠಿಣವಾದಷ್ಟೂ, ವರ್ಷವಿಡೀ ಸಿಗದಷ್ಟೂ ಕೂಲಿ ಏರುತ್ತದೆ. ಕೊನೆಗಾರಿಕೆಗೆ ಈ ಮೂರೂ ಅನ್ವಯಿಸುತ್ತವೆ. ಅವರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿ. ಕಾಲಿಗೆ ಬಳೆಯಂಥ ಒಂದು ಹಗ್ಗ, ಕೂರಲು ಒಂದು ಸಣ್ಣ ಮಣೆ, ಸೊಂಟಕ್ಕೆ ಕತ್ತಿ, ಕೈಯಲ್ಲಿ ನೇಣು. ಐವತ್ತು ಅರವತ್ತು ಅಡಿ ಮೇಲೆ ಹೋಗಿ, ಕೊನೆ ಕಡಿದು ನೇಣಿನಲ್ಲಿ ಜಾರಿಸುತ್ತಾರೆ. ಕೆಳಗೆ ಒಬ್ಬರು ಹಿಡಿಯುತ್ತಾರೆ. ಆಮೇಲೆ ಇಳಿಯುವುದಿಲ್ಲ. ಮರವನ್ನು ತೂಗಿ, ಬಗ್ಗಿಸಿ, ಪಕ್ಕದ ಮರದ ತಲೆಯನ್ನು ಕೈಯಲ್ಲಿ ಹಿಡಿದು ಅಲ್ಲಿಂದ ಅಲ್ಲಿಗೇ ದಾಟಿಬಿಡುತ್ತಾರೆ. ಮರ ಒಳಗೆ ಹುಳುಕಾಗಿದ್ದರೆ ಅದು ಕೆಳಗಿನಿಂದ ಕಾಣುವುದಿಲ್ಲ.

ಮಳೆಗಾಲದಲ್ಲಿ ಇದೇ ಮರಕ್ಕೆ ಮತ್ತೆ ಹತ್ತಬೇಕು. ಕೊಳೆ ರೋಗ ಬರದಂತೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಆಗ ಕಾಂಡದ ಮೇಲೆ ಪಾಚಿ. ಬಿದ್ದರೆ ಸೊಂಟ, ಬೆನ್ನುಮೂಳೆ. ನಮ್ಮ ಕಡೆಯ ಪ್ರತಿ ಊರಿನಲ್ಲೂ ಹೀಗೆ ಹಾಸಿಗೆ ಹಿಡಿದವರೊಬ್ಬರು ಇದ್ದಾರೆ. ಕೂಲಿ ಎಷ್ಟೇ ಇರಲಿ, ಅಂಥವರ ಮಗನಿಗೆ ಮರ ಹತ್ತು ಎಂದು ಹೇಳುವ ಬಾಯಿ ಯಾರಿಗಿದೆ? ಕೇರಳದಲ್ಲೂ ತೆಂಗಿಗೆ ಹತ್ತುವವರು ಇಲ್ಲವಾದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ಫ್ರೆಂಡ್ಸ್ ಆಫ್ ಕೋಕೋನಟ್ ಟ್ರೀ' ಎಂಬ ತರಬೇತಿ ಶುರು ಮಾಡಿತು. ಯಂತ್ರದಲ್ಲಿ ಹತ್ತುವುದನ್ನು ಕಲಿಸಿತು. ಮರ ಹತ್ತುವವರಿಗೆ ವಿಮೆ ಕೊಡಿಸಿತು. ಹೆಂಗಸರೂ ಬಂದು ಕಲಿತರು. ಕೂಲಿ ಏರಿಸಿದ್ದಕ್ಕಿಂತ, ಬಿದ್ದರೆ ಮನೆ ಬೀದಿಗೆ ಬರುವುದಿಲ್ಲ ಎಂಬ ಧೈರ್ಯ ಕೊಟ್ಟಿದ್ದು ದೊಡ್ಡದು ಎಂದು ನನಗೆ ತೋರುತ್ತದೆ.

ಇನ್ನು ಸುಲಿಯುವ ಕೆಲಸ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ಹೆಂಗಸರ ಕೆಲಸ, ಮತ್ತು ಇದು ಕಣ್ಣಮುಂದೆಯೇ ಹೋಗುತ್ತಿದೆ.

ನನಗೆ ನೆನಪಿರುವ ಹಾಗೆ, ಸಂಜೆ ಏಳಕ್ಕೆ ಅಂಗಳದ ಚಪ್ಪರದಡಿ ಬಲ್ಬು ಹತ್ತುತ್ತಿತ್ತು. ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಕಾಯಿಯನ್ನು ಕತ್ತಿಗೆ ಒತ್ತಿ ಎರಡು ಸಲ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಚೊಗರು ಹತ್ತಿ ಬೆರಳೆಲ್ಲ ಕಪ್ಪು. ಆ ಕಪ್ಪು ತಿಂಗಳಾದರೂ ಹೋಗುತ್ತಿರಲಿಲ್ಲ. ಒಬ್ಬರ ಮನೆಯದು ಮುಗಿದರೆ ಇನ್ನೊಬ್ಬರ ಮನೆಗೆ ಮುಯ್ಯಾಳಾಗಿ ಹೋಗುವುದೂ ಇತ್ತು. ರಾತ್ರಿ ಹನ್ನೊಂದಕ್ಕೆ ಡಬ್ಬದಲ್ಲಿ ಅಳೆದು, ಪುಸ್ತಕದಲ್ಲಿ ಬರೆದು, ಲೆಕ್ಕ.

ಆ ಡಬ್ಬದ ಲೆಕ್ಕದಲ್ಲಿ ಒಂದು ಗುಟ್ಟಿದೆ. ತೋಟದ ದಿನಗೂಲಿಯಲ್ಲಿ ಗಂಡಾಳಿಗೆ ಒಂದು ರೇಟು, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಅದು ಇವತ್ತಿಗೂ ಹಾಗೇ ಇದೆ. ಆದರೆ ಡಬ್ಬಕ್ಕೆ ಗಂಡು ಹೆಣ್ಣು ಅಂತ ಇಲ್ಲ. ಯಾರು ಸುಲಿದರೂ ಒಂದೇ ದುಡ್ಡು. ಕೈ ಚುರುಕಿದ್ದ ಹೆಂಗಸು ಗಂಡನ ದಿನಗೂಲಿಗಿಂತ ಜಾಸ್ತಿ ದುಡಿದು ಹೋಗುತ್ತಿದ್ದರು. ಕೆಲಸದ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಿದ್ಧ ಅಧ್ಯಯನವಿದೆ. ಕಾರಿನ ಗಾಜು ಕೂರಿಸುವ ಸೇಫ್‌ಲೈಟ್ ಎಂಬ ಕಂಪನಿ ಗಂಟೆಯ ಸಂಬಳ ಬಿಟ್ಟು ಗಾಜಿನ ಲೆಕ್ಕಕ್ಕೆ ಬಂತು. ಎಡ್ವರ್ಡ್ ಲೇಜಿಯರ್ 2000ರಲ್ಲಿ ಪ್ರಕಟಿಸಿದ ಲೆಕ್ಕದಂತೆ ತಲಾ ಕೆಲಸ ಶೇ 44ರಷ್ಟು ಏರಿತು. ಅದರಲ್ಲಿ ಅರ್ಧದಷ್ಟು ಇದ್ದವರೇ ಚುರುಕಾದದ್ದರಿಂದ. ಉಳಿದದ್ದು ಮುಖ್ಯವಾಗಿ ಚುರುಕಿನವರು ಆ ಕೆಲಸ ಹುಡುಕಿಕೊಂಡು ಬಂದದ್ದರಿಂದ. ನಮ್ಮ ಅಂಗಳದಲ್ಲೂ ಹಾಗೇ ಇತ್ತು. ಸುಲಿಯಲು ಬರುತ್ತಿದ್ದವರು ಊರಿನ ಅತಿ ಚುರುಕಿನ ಕೈಗಳು.

ಈಗ ಸುಲಿಯುವ ಯಂತ್ರ ಬಂದಿದೆ. ಕ್ವಿಂಟಾಲಿಗೆ ಇಷ್ಟು ಎಂದು ಮಾತಾಡಿ, ಅಂಗಳಕ್ಕೇ ತಂದು ಸುಲಿದು ಹೋಗುತ್ತಾರೆ. ತೋಟದವನಾಗಿ ನನಗೆ ಅದರಿಂದ ನಿದ್ದೆ ಸಿಕ್ಕಿದೆ, ಸುಳ್ಳು ಹೇಳುವುದಿಲ್ಲ. ಆದರೆ ಗಂಡಿಗೆ ಸಮನಾಗಿ ದುಡ್ಡು ಸಿಗುತ್ತಿದ್ದ ಒಂದೇ ಕೆಲಸ ಹೆಂಗಸರ ಕೈಬಿಟ್ಟಿದೆ. ಗದ್ದೆ ತೋಟವಾದದ್ದರಿಂದ ನಾಟಿಯ ಕೆಲಸವೂ ಹೋಗಿದೆ. ಆಳು ಇಲ್ಲ ಎನ್ನುವ ಊರಿನಲ್ಲೇ ಕೆಲಸವಿಲ್ಲದ ಹೆಂಗಸರಿದ್ದಾರೆ. ಇಬ್ಬರೂ ಸೇರುವುದಿಲ್ಲ, ಯಾಕೆಂದರೆ ಒಬ್ಬರಿಗೆ ಬೇಕಿರುವುದು ಮರ ಹತ್ತುವವರು, ಇನ್ನೊಬ್ಬರಿಗೆ ಬರುವುದು ಬೇರೆ ಕೆಲಸ.

ಸರ್ಕಾರದ ಅಂಕಿಗಳಲ್ಲಿ ಈ ಹೆಂಗಸರು ಹೇಗೆ ಕಾಣುತ್ತಾರೆ? ಆವರ್ತಕ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಮೆಯಲ್ಲಿರುವ ಅಥವಾ ದುಡಿಮೆ ಹುಡುಕುವವರು 2017-18ರಲ್ಲಿ ಶೇ 24.6 ಇದ್ದರು. 2023-24ರಲ್ಲಿ ಅದು ಶೇ 47.6. ನೋಡಿದರೆ ದೊಡ್ಡ ಜಿಗಿತ. ಆದರೆ ಸ್ವಂತ ಮನೆಯ ತೋಟ, ಕೊಟ್ಟಿಗೆ, ಅಂಗಡಿಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವವರೂ ಈ ಲೆಕ್ಕದಲ್ಲಿ ದುಡಿಯುವವರೇ. ಅದು ನ್ಯಾಯವೇ, ಅವರು ದುಡಿಯುತ್ತಾರೆ. ಆದರೆ ಅಂಕಿ ಏರಿತು ಎಂದ ಮಾತ್ರಕ್ಕೆ ಕೈಗೆ ದುಡ್ಡು ಬಂತು ಎಂದುಕೊಂಡರೆ ತಪ್ಪಾಗುತ್ತದೆ. ಇದೇ ಅವಧಿಯಲ್ಲಿ ದೇಶದ ದುಡಿಮೆಯಲ್ಲಿ ಸ್ವಂತ ಉದ್ಯೋಗದವರ ಪಾಲೂ ಏರಿದೆ, ಕೃಷಿಯ ಪಾಲೂ ಏರಿದೆ. ಹೆಂಗಸರ ದುಡಿಮೆಯ ಇನ್ನೂರು ವರ್ಷದ ಅಮೆರಿಕದ ದಾಖಲೆಗಳನ್ನು ಕೆದಕಿ 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದೂ ಇದನ್ನೇ. ಮನೆಯ ಹೊಲದಲ್ಲಿ ದುಡಿದ ಹೆಂಗಸರನ್ನು ಹಳೆಯ ಗಣತಿಗಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ದುಡಿಮೆ ಹೊಲದಿಂದ ಕಾರ್ಖಾನೆಗೆ ಹೋದಾಗ ಅವರು ಹಿಂದೆ ಸರಿದರು. ಓದು ಮತ್ತು ಆಫೀಸಿನ ಕೆಲಸ ಬಂದ ಮೇಲೆ ಮತ್ತೆ ಬಂದರು.

ನಮ್ಮಲ್ಲಿ ಆ 'ಮತ್ತೆ ಬರುವ' ದಾರಿ ಒಂದು ಬಸ್ಸಿನ ಮೇಲೆ ನಿಂತಿದೆ. ಶಿವಮೊಗ್ಗ, ಭದ್ರಾವತಿ ಸುತ್ತಿನ ಹುಡುಗಿಯರು ಮಾಚೇನಹಳ್ಳಿಯ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಪಿಎಫ್ ಇದೆ, ಇಎಸ್‌ಐ ಇದೆ, ವಾರಕ್ಕೊಂದು ರಜೆ ಇದೆ, 'ಏ ಇವಳೇ' ಎಂದು ಕರೆಯುವವರಿಲ್ಲ. ತೋಟದ ಕೂಲಿ ಅದಕ್ಕಿಂತ ತುಸು ಜಾಸ್ತಿಯಿದ್ದರೂ ಅವರು ಅಲ್ಲಿಗೇ ಹೋಗುತ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೊಸನಗರದ ಒಳಗಿನ ಹಳ್ಳಿಯವಳಿಗೆ ಆ ದಾರಿ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಯಿತು. ನಮ್ಮ ಊರಿಗೆ ಬರುವುದು ಎರಡು ಬಸ್, ಎರಡೂ ಪ್ರೈವೇಟ್. ಮಲೆನಾಡಿನ ಎಷ್ಟೋ ರೂಟುಗಳ ಕತೆ ಇದೇ. ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಏಳಕ್ಕೆ ವಾಪಸ್ ಬಿಡುವ ಒಂದು ಬಸ್ ಬಂದರೆ ಒಂದು ಕಣಿವೆಯ ಕೂಲಿ ಬದಲಾಗುತ್ತದೆ. ರಾಬಿನ್ಸನ್ ಹೇಳಿದ ಆ ಒಬ್ಬನೇ ಕೊಳ್ಳುವವನ ಸಂತೆಗೆ ಮದ್ದು ಇಂಥ ಬಸ್ಸೇ.

ಈಗ ಎಲ್ಲರೂ ಬೆರಳು ತೋರಿಸುವ ವಿಷಯಕ್ಕೆ ಬರೋಣ. 'ನರೇಗಾ ಬಂದ ಮೇಲೆ ಆಳು ಹಾಳಾದರು.' ಈ ಮಾತನ್ನು ಇಷ್ಟು ಸಲ ಕೇಳಿದ್ದೇನೆ ಎಂದರೆ ಲೆಕ್ಕವಿಲ್ಲ. ಸಾಕ್ಷ್ಯ ಏನಿದೆ?

ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಮೂವರು ಅವಿಭಜಿತ ಆಂಧ್ರಪ್ರದೇಶದಲ್ಲಿ ಮಾಡಿದ ದೊಡ್ಡ ಪ್ರಯೋಗವೊಂದಿದೆ. ನರೇಗಾ ಕೂಲಿಯನ್ನು ಬಯೋಮೆಟ್ರಿಕ್ ಕಾರ್ಡ್ ಮೂಲಕ ಸರಿಯಾಗಿ ತಲುಪಿಸುವ ವ್ಯವಸ್ಥೆಯನ್ನು ಕೆಲವು ಮಂಡಲಗಳಲ್ಲಿ ಮೊದಲು, ಕೆಲವು ಕಡೆ ಆಮೇಲೆ ತಂದರು. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಯೋಜನೆ ಸರಿಯಾಗಿ ನಡೆದ ಕಡೆ ಫಲಾನುಭವಿ ಮನೆಗಳ ಗಳಿಕೆ ಶೇ 14ರಷ್ಟು ಏರಿತು. ಆ ಏರಿಕೆಯಲ್ಲಿ ಶೇ 86 ಪಾಲು ಬಂದದ್ದು ನರೇಗಾದ ದುಡ್ಡಿನಿಂದಲ್ಲ! ಹೊರಗಿನ ಖಾಸಗಿ ಕೆಲಸದಿಂದ. ಸರ್ಕಾರದ ಕೆಲಸ ಕೈಗೆ ಸಿಗುತ್ತದೆ ಎಂದಾದಾಗ ಜನ ಕಡಿಮೆ ಕೂಲಿಗೆ ಒಪ್ಪಲಿಲ್ಲ, ಊರಿನ ಕೂಲಿಯೇ ಏರಿತು. ಕೂಲಿ ಏರಿದರೆ ಖಾಸಗಿ ಕೆಲಸ ಕಡಿಮೆಯಾಗಬೇಕಿತ್ತಲ್ಲವೇ? ಆಗಲಿಲ್ಲ, ಅದೂ ಹೆಚ್ಚಿತು. ಕೆಲವೇ ಮನೆಗಳ ಕೈಯಲ್ಲಿ ಭೂಮಿ ಇದ್ದ ಊರುಗಳಲ್ಲಿ ಕೆಲಸ ಇನ್ನೂ ಹೆಚ್ಚಿತು. ಅಂದರೆ ಮೊದಲು ಕೂಲಿ ಸರಿಯಿಲ್ಲವೆಂದು ಮನೆಯಲ್ಲೇ ಕುಳಿತಿದ್ದವರು ಸರಿಯಾದ ಕೂಲಿಗೆ ಹೊರಗೆ ಬಂದರು.

ಭೂಮಿಯ ಲಾಭ ಕಡಿಮೆಯಾಯಿತು ಎಂದೂ ಅದೇ ಅಧ್ಯಯನ ಹೇಳುತ್ತದೆ. ಅದನ್ನು ಮುಚ್ಚಿಡುವುದು ಬೇಡ. ತೋಟದವರಿಗೆ ನೋವಾಗುವುದು ಅಲ್ಲೇ. ಎರಡು ಎಕರೆಯ ಸಣ್ಣ ಹಿಡುವಳಿದಾರನಿಗೆ ಇದು ನಿಜವಾದ ಕಷ್ಟ. ಎಲೆಚುಕ್ಕಿ ರೋಗ ಬಂದ ಕಡೆ ಫಸಲೇ ಅರ್ಧವಾಗಿರುವಾಗ ಏರಿದ ಕೂಲಿ ಕೊಡುವುದು ಎಲ್ಲಿಂದ ಎಂದು ಅವನು ಕೇಳಿದರೆ ಅದು ನ್ಯಾಯದ ಪ್ರಶ್ನೆ. ಅದಕ್ಕೆ ಉತ್ತರ ರೋಗದ ಸಂಶೋಧನೆಯಲ್ಲಿ, ಬೆಳೆ ವಿಮೆಯಲ್ಲಿ, ಅಡಿಕೆಯ ಬೆಲೆಯಲ್ಲಿ ಹುಡುಕಬೇಕು. ಕೂಲಿಯವರ ತಟ್ಟೆಯಲ್ಲಿ ಹುಡುಕಬಾರದು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ಹೊಸ ಕಾಯ್ದೆಯನ್ನು ಒಪ್ಪಿತು. ಕೆಲಸದ ಖಾತರಿ 100 ದಿನದಿಂದ 125 ದಿನಕ್ಕೆ ಏರಿದೆ. ಜೊತೆಗೆ ಬಿತ್ತನೆ, ಕೊಯ್ಲಿನ ಹಂಗಾಮಿನಲ್ಲಿ ಒಟ್ಟು 60 ದಿನ ಸರ್ಕಾರದ ಕೆಲಸ ನಿಲ್ಲಿಸುವ ಅವಕಾಶ ಬಂದಿದೆ. ಆ ದಿನಗಳನ್ನು ರಾಜ್ಯಗಳು ಮೊದಲೇ ತಿಳಿಸಬೇಕು. ನಮ್ಮ ಕಡೆ ಇದಕ್ಕೆ ಸಂತೋಷಪಟ್ಟವರು ಬಹಳ. ನನಗೆ ಸಂತೋಷವಾಗಲಿಲ್ಲ. ನರೇಗಾ ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ದೇಶಾದ್ಯಂತ ಅರ್ಧಕ್ಕಿಂತ ಹೆಚ್ಚು ಹೆಂಗಸರು. ನಮ್ಮ ಪಂಚಾಯಿತಿಯಲ್ಲಿ ಇಂಗುಗುಂಡಿ, ಕೃಷಿಹೊಂಡ ತೆಗೆಯುವವರನ್ನು ನೋಡಿದ್ದೇನೆ, ಐವತ್ತು ದಾಟಿದವರೇ ಜಾಸ್ತಿ. ಅವರ ಕೆಲಸ ನಿಲ್ಲಿಸಿದರೆ ಅವರೇನು ಅಡಿಕೆ ಮರ ಹತ್ತುತ್ತಾರಾ? 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕೊನೆಗಾರರ ದುಡಿಮೆ ಅದರ ಎರಡು ಮೂರು ಪಟ್ಟು. 370 ರೂಪಾಯಿಯ ಆಸೆಗೆ ಯಾವ ಕೊನೆಗಾರನೂ ನಮ್ಮ ತೋಟ ಬಿಟ್ಟಿಲ್ಲ. ಆ 60 ದಿನದಲ್ಲಿ ಏಟು ಬೀಳುವುದು ಸೊಪ್ಪು ಹೊರುವ, ಅಡಿಕೆ ಹೆಕ್ಕುವ ಹೆಂಗಸರ ಕೂಲಿಗೆ. 'ಬೇರೆ ಕೆಲಸ ಇದೆ' ಎಂದು ಹೇಳುವ ಬಲ ಅವರಿಗೆ ಅತಿ ಬೇಕಾದ ದಿನಗಳಲ್ಲೇ ಇಲ್ಲವಾಗುತ್ತದೆ.

ಹೊರಗಿನಿಂದ ಬರುವವರನ್ನು ನಿಲ್ಲಿಸಿದರೆ ಇಲ್ಲಿಯವರ ಕೂಲಿ ಏರುತ್ತದೆ ಎಂಬ ವಾದವೂ ಆಗಾಗ ಕೇಳಿಸುತ್ತದೆ. ಹಾವೇರಿ, ಗದಗದ ಕಡೆಯವರು ಮೊದಲಿನಿಂದ ಬರುತ್ತಿದ್ದರು. ಈಗ ಅಸ್ಸಾಂ, ಬಿಹಾರದವರೂ ಇದ್ದಾರೆ. ಅಮೆರಿಕ ಇದನ್ನು ಮಾಡಿ ನೋಡಿದೆ. 1942ರಿಂದ ಮೆಕ್ಸಿಕೋದ ಕೂಲಿಯವರನ್ನು ಹಂಗಾಮಿಗೆ ಕರೆಸುತ್ತಿದ್ದ ಬ್ರಸೇರೋ ಯೋಜನೆಯನ್ನು 1964ರ ಕೊನೆಗೆ ನಿಲ್ಲಿಸಿದರು, ನಮ್ಮವರ ಕೂಲಿ ಏರಲಿ ಎಂದು. ಮೈಕಲ್ ಕ್ಲೆಮೆನ್ಸ್ ಮತ್ತು ಸಂಗಡಿಗರು 2018ರಲ್ಲಿ ಲೆಕ್ಕ ಹಾಕಿದಾಗ ಕೂಲಿ ಏರಿದ ಗುರುತೇ ಸಿಗಲಿಲ್ಲ. ಮಾಲೀಕರು ಟೊಮ್ಯಾಟೊ ಕೊಯ್ಯುವ ಯಂತ್ರ ತಂದರು. ಯಂತ್ರ ಇಲ್ಲದ ಬೆಳೆ ಕಡಿಮೆ ಮಾಡಿದರು. ನಮ್ಮಲ್ಲೂ ಅದೇ ಆಗುತ್ತದೆ. ಆಗುತ್ತಲೂ ಇದೆ.

ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಕಾರ್ಬನ್ ಫೈಬರ್ ದೋಟಿ, ಅಂದರೆ ಕೊಯ್ಯುವ ಉದ್ದನೆಯ ಗಳ, ಬಂದದ್ದು ನನ್ನ ಮಟ್ಟಿಗೆ ದೊಡ್ಡ ಸಮಾಧಾನ. ನೆಲದ ಮೇಲೇ ನಿಂತು ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ಕುತ್ತಿಗೆ ನೋಯುತ್ತದೆ, ಆದರೆ ಬೆನ್ನುಮೂಳೆ ಮುರಿಯುವುದಿಲ್ಲ. ಇದನ್ನು ಹೆಂಗಸರಿಗೆ ಕಲಿಸಿದ್ದೇವಾ? ನಮ್ಮ ಸುತ್ತಿನಲ್ಲಿ ಇಲ್ಲ. ಸುಲಿಯುವ ಕೆಲಸ ಹೋದವರಿಗೆ ದೋಟಿಯ ಕೆಲಸ ಕೊಡಬಹುದು, ಇಳಿಸಿದ ಗೊನೆಗೆ ಇಷ್ಟು ಎಂಬ ಲೆಕ್ಕದಲ್ಲಿ, ಗಂಡು ಹೆಣ್ಣು ಭೇದವಿಲ್ಲದ ರೇಟಿನಲ್ಲಿ. ದೋಟಿ ದುಬಾರಿ, ಒಬ್ಬರು ಕೊಳ್ಳುವುದು ಕಷ್ಟ. ಸ್ವಸಹಾಯ ಸಂಘಗಳಿಗೆ ಅದು ಕಷ್ಟವಲ್ಲ.

ಇನ್ನೊಂದು ದಾರಿ, ಕೆಲಸವನ್ನೇ ವರ್ಷಕ್ಕೆ ಹರಡುವುದು. ಜೂನ್‌ನಿಂದ ಆಗಸ್ಟ್ ತನಕ ಔಷಧಿ. ಅಕ್ಟೋಬರ್‌ನಿಂದ ಜನವರಿ ತನಕ ಕೊಯ್ಲು. ಆಮೇಲೆ ಸೊಪ್ಪು, ಗೊಬ್ಬರ, ಮಣ್ಣು. ಬೇಸಿಗೆಯಲ್ಲಿ ನೀರು, ಬೇಲಿ, ಕಾಲುವೆ. ಒಂದು ಮನೆಗೆ ಇದು ಬಿಡಿಬಿಡಿ ದಿನಗಳು. ಏಳು ಮನೆ ಸೇರಿದರೆ ಮೂರು ಜನಕ್ಕೆ ವರ್ಷಪೂರ್ತಿ ಕೆಲಸ. ಕೆಲಸ ಬಿಟ್ಟುಬಿಟ್ಟು ಸಿಗುವುದರಿಂದ ಕೂಲಿ ಏರುತ್ತದೆ ಎಂದು ಸ್ಮಿತ್ ಹೇಳಿದ್ದು ನಿಜವಾದರೆ, ಖಾಯಂ ಕೆಲಸ ಕೊಟ್ಟಾಗ ಇಬ್ಬರಿಗೂ ಉಳಿತಾಯವಾಗಬೇಕು.

ಕಳೆದ ಮಳೆಗಾಲದ ಮೊದಲು ನಮ್ಮ ಕೇರಿಯಲ್ಲಿ ಇದನ್ನು ಮಾತಾಡಿದೆವು. ಏಳರಲ್ಲಿ ಐದು ಮನೆ ಒಪ್ಪಿದವು. ಅದೇ ಕೊನೆಗಾರರನ್ನು ಕರೆದು ಜಗಲಿಯಲ್ಲಿ ಕೂರಿಸಿ ಕೇಳಿದೆವು. ಅವರು ಕೂಲಿಯ ಮಾತು ಎತ್ತಲಿಲ್ಲ. ಬಿದ್ದರೆ ಆಸ್ಪತ್ರೆ ಖರ್ಚು ಯಾರದು, ಅದು ಯಾವ ಕಾಗದದಲ್ಲಿ ಇರುತ್ತದೆ ಎಂದು ಕೇಳಿದರು. ಆಮೇಲೆ, ತಮ್ಮ ಹೆಂಡತಿಗೂ ವರ್ಷವಿಡೀ ಕೆಲಸ ಇದೆಯಾ ಎಂದರು. ಮೊದಲನೆಯದಕ್ಕೆ ಅಪಘಾತ ವಿಮೆ ಮಾಡಿಸಿದೆವು, ಕಂತನ್ನು ಐದು ಮನೆ ಹಂಚಿಕೊಂಡೆವು. ಎರಡನೆಯದಕ್ಕೆ ನಮ್ಮ ಜಗಲಿಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ದೋಟಿಯ ವಿಚಾರ ಹೊಳೆದದ್ದು ಅವತ್ತೇ. ಈ ಸಲ ಮೊದಲ ಕೊಯ್ಲು ಹದಕ್ಕೆ ಸರಿಯಾಗಿ ಮುಗಿದಿದೆ. ಅವರ ಹೆಂಡತಿ ಇನ್ನೂ ದಿನಗೂಲಿಯಲ್ಲೇ ಅಡಿಕೆ ಹೆಕ್ಕುತ್ತಿದ್ದಾರೆ.